ಮದುವೆ ಊಟದ ಸಾಲಿನಲ್ಲಿ ಸಿಕ್ಕಿದ ಕೆಲಸ

ಕಳೆದ ವರ್ಷ ಮಾರ್ಚ್ ಮೂವತ್ತೊಂದರಂದು ನಮ್ಮ ಪತ್ರಿಕೆಯ ಮಂಗಳೂರು ಡೆಸ್ಕ್ ಮುಚ್ಚಿತು. ಪುಟಗಳನ್ನು ಇನ್ನು ಬೇರೆ ಊರಿನಲ್ಲಿ ಮಾಡುತ್ತೇವೆ ಎಂದು ತಿಳಿಸಿದರು. ಹಂಪನಕಟ್ಟೆಯ ಕಚೇರಿಯಲ್ಲಿ ಅಂದು ಕೆಲಸ ಕಳೆದುಕೊಂಡವರಲ್ಲಿ ನಾನೊಬ್ಬ, ನನ್ನ ಎದುರಿನ ಮೇಜಿನ ಸಹೋದ್ಯೋಗಿ ಇನ್ನೊಬ್ಬರು. ಇಬ್ಬರೂ ಉಪಸಂಪಾದಕರು, ಹನ್ನೊಂದು ವರ್ಷ ಎದುರುಬದುರು ಕೂತವರು.

ಆಕೆಯ ಮನೆಮಾತು ಕೊಂಕಣಿ, ನನ್ನದು ತುಳು. ನಡುವೆ ಡೆಸ್ಕಿನ ಕನ್ನಡ. ಆಕೆ ಮದುವೆಯಾಗಿಲ್ಲ. ಮನೆಯಲ್ಲಿ ತಾಯಿ ಮಾತ್ರ. ತಾಯಿಗೆ ವಾರಕ್ಕೆ ಮೂರು ಸಲ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗ್ಗೆ ಆರಕ್ಕೆ ಶುರುವಾದರೆ ಹತ್ತಕ್ಕೆ ಮುಗಿಯುತ್ತದೆ. ತಾಯಿಯನ್ನು ರಿಕ್ಷಾದಲ್ಲಿ ಮನೆಗೆ ಬಿಟ್ಟು ಆಕೆ ಡ್ಯೂಟಿಗೆ ಬರುತ್ತಿದ್ದರು. ಅದಕ್ಕಾಗಿ ಒಂದು ದಿನವೂ ರಜೆ ಹಾಕಿದವರಲ್ಲ. ಡೆಸ್ಕಿನ ರಜೆಯ ಪಟ್ಟಿ ಬರೆಯುತ್ತಿದ್ದವನು ನಾನೇ.

ಏಪ್ರಿಲ್‌ನಲ್ಲಿ ಆಕೆ ಫೋನ್ ಮಾಡಿ ಕದ್ರಿ ಪಾರ್ಕಿನ ಹತ್ತಿರದ ಹೋಟೆಲಿಗೆ ಕರೆದರು. ಚಹಾ ಬರುವ ಮೊದಲೇ ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು.

"ಅಮ್ಮನ ಆಸ್ಪತ್ರೆಯಲ್ಲಿ ಒಂದು ಪೋಸ್ಟ್ ಉಂಟಂತೆ. ಪ್ರೆಸ್ ನೋಟ್ ಬರೆಯುವುದು, ತಿಂಗಳಿಗೊಂದು ಪತ್ರಿಕೆ ತರುವುದು. ಪೇಪರಲ್ಲಿ ಜಾಹೀರಾತು ಹಾಕುವುದಿಲ್ಲ. ನಮ್ಮ ಚರ್ಚಿನ ನರ್ಸ್ ಒಬ್ಬರು ಹೇಳಿದ್ರು. ಇದು ನನ್ನ ಅರ್ಜಿ. ನಿಮ್ಮ ಕೆಂಪು ಪೆನ್ನು ಸ್ವಲ್ಪ ಆಡಿಸಿ."

ಎರಡು ವಾಕ್ಯ ತಿದ್ದಿ ಕೊಟ್ಟೆ.

"ನೀವೂ ಹಾಕಿ ಮಾರಾಯ್ರೆ. ಇಬ್ಬರಲ್ಲಿ ಒಬ್ಬರಿಗಾದ್ರೂ ಆಗ್ಲಿ."

"ಇಬ್ಬರನ್ನೂ ಬಿಟ್ಟು ಮೂರನೆಯವರಿಗೆ ಆಗ್ತದೆ, ನೋಡಿ."

"ನಿಮ್ಮ ಬಾಯಲ್ಲಿ ಒಳ್ಳೆಯ ಹೆಡ್ಡಿಂಗ್ ಒಂದೂ ಬರುವುದಿಲ್ಲ," ಎಂದು ನಕ್ಕರು.

ನಾನು ಅರ್ಜಿ ಹಾಕಿದ್ದು ಆಕೆಗೆ ಗೊತ್ತು. ಅದೇ ಸಂಜೆ ನನ್ನ ಸೋದರಮಾವನಿಗೆ ಫೋನ್ ಮಾಡಿದ್ದು ಗೊತ್ತಿಲ್ಲ.

ನಮ್ಮ ಜನರಲ್ಲಿ ಆಸ್ತಿ ಹಿಂದೆ ಮಗನಿಗಲ್ಲ, ಸಹೋದರಿಯ ಮಗನಿಗೆ ಹೋಗುತ್ತಿತ್ತು. ಆ ಕಟ್ಟು ಕಾನೂನಿನಲ್ಲಿ ಈಗಿಲ್ಲ. ಅಳಿಯನಿಗಾಗಿ ಮಾವ ಒಂದು ಮಾತು ಹೇಳಬೇಕೆಂಬುದು ಮಾತ್ರ ಉಳಿದಿದೆ. ಮಾವ ಹೆಚ್ಚು ವಿಚಾರಿಸಲಿಲ್ಲ. "ಆ ಆಸ್ಪತ್ರೆಯ ಟ್ರಸ್ಟಿ ಆದಿತ್ಯವಾರದ ಮದುವೆಗೆ ಬರ್ತಾರೆ. ನೀನೂ ಬಾ. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಾ," ಎಂದರು.

ಮದುವೆಯಲ್ಲಿ ಮಾತೆಲ್ಲ ತುಳುವಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಬಫೆಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಮಾವ ನನ್ನ ಮೊಣಕೈ ಹಿಡಿದು ಟ್ರಸ್ಟಿಯ ಹಿಂದೆ ತಂದು ನಿಲ್ಲಿಸಿದರು.

"ಇವ ನನ್ನ ಅಳಿಯ. ಪೇಪರಿನಲ್ಲಿದ್ದ."

"ಯಾವ ಗುತ್ತು?" ಎಂದು ಟ್ರಸ್ಟಿ ಕೇಳಿದರು. ತಾಯಿಯ ಮನೆತನದ ಹೆಸರು ಹೇಳಿದೆ.

"ಓ, ನಿನ್ನ ಅಜ್ಜಿ ನಮ್ಮ ದೊಡ್ಡಮ್ಮನ ಒಟ್ಟಿಗೆ ಶಾಲೆಗೆ ಹೋದವರು ಮಾರಾಯ." ರೊಟ್ಟಿಯ ಮೇಲೆ ಕೋಳಿ ಸಾರು ಹಾಕಿಸಿಕೊಂಡು ಮತ್ತೆ ತಿರುಗಿದರು. "ನಿಮ್ಮ ಆಫೀಸಿನ ಒಬ್ಬರು ಕ್ರಿಶ್ಚಿಯನ್ ಬಾಯಮ್ಮನ ಅರ್ಜಿಯೂ ಉಂಟು. ಹೇಗೆ ಜನ?"

"ಕೆಲಸ ಚೆನ್ನಾಗಿ ಗೊತ್ತುಂಟು," ಎಂದೆ. "ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನೋಡಿಕೊಳ್ಳಲು ಇವರೊಬ್ಬರೇ."

"ಹಾಗಾದ್ರೆ ಕಷ್ಟ ಅಲ್ವಾ," ಎಂದು ಟ್ರಸ್ಟಿ ಮಾವನ ಕಡೆ ನೋಡಿದರು. "ರಜೆ ರಜೆ ಅಂತ ಆಗ್ತದೆ."

ಮಾವ ತಲೆಯಾಡಿಸಿದರು. ನಾನು ಈರುಳ್ಳಿ ಹಾಕಿಕೊಂಡೆ.

ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಜಾಗ ಸಾಲದಿದ್ದರೆ ಸುದ್ದಿಯನ್ನು ಕೊನೆಯಿಂದ ಕತ್ತರಿಸು ಎಂದು ಡೆಸ್ಕಿನಲ್ಲಿ ನಮಗೆ ಮೊದಲ ವಾರವೇ ಕಲಿಸುತ್ತಾರೆ. ಡಯಾಲಿಸಿಸ್ ಹತ್ತು ಗಂಟೆಗೆ ಮುಗಿಯುತ್ತದೆ, ಈಕೆ ಒಂದು ದಿನವೂ ರಜೆ ಹಾಕಿಲ್ಲ ಎಂಬುದು ಆ ಸುದ್ದಿಯ ಕೊನೆಯ ವಾಕ್ಯ. ಅದನ್ನು ಕತ್ತರಿಸಲು ಯಾವ ಅವಸರವೂ ಇರಲಿಲ್ಲ. ಐಸ್‌ಕ್ರೀಮಿನ ಮೇಜಿನವರೆಗೂ ಟ್ರಸ್ಟಿ ನನ್ನ ಮುಂದೆಯೇ ಇದ್ದರು.

ಮೇ ತಿಂಗಳಲ್ಲಿ ನನಗೆ ನೇಮಕದ ಪತ್ರ ಬಂತು. ಆಕೆಗೆ ಯಾವ ಉತ್ತರವೂ ಹೋಗಲಿಲ್ಲ. ವಿಷಯ ನರ್ಸ್‌ನಿಂದ ತಿಳಿದು ಆಕೆಯೇ ಫೋನ್ ಮಾಡಿದರು.

"ಕಂಗ್ರಾಟ್ಸ್. ಮೂರನೆಯವರಿಗೆ ಆಗ್ಲಿಲ್ಲ, ಅಷ್ಟು ಸಾಕು. ನನ್ನ ಬಗ್ಗೆ ಎಂತಾದರೂ ಕೇಳಿದ್ರಾ?"

"ಕೇಳಿದ್ರು. ಒಳ್ಳೆಯದೇ ಹೇಳಿದೆ."

"ಅದು ನೀವು ಹೇಳುವುದು ಬೇಡ. ನನಗೆ ಗೊತ್ತುಂಟು."

ಆಸ್ಪತ್ರೆಯಲ್ಲಿ ನನ್ನ ಕೋಣೆ ಎರಡನೇ ಮಹಡಿಯಲ್ಲಿದೆ, ಡಯಾಲಿಸಿಸ್ ವಿಭಾಗ ಕೆಳಗೆ. ಆಕೆ ತಾಯಿಯನ್ನು ಕರೆತರುವ ಆ ಮೂರು ದಿನ ನಾನು ಹಿಂದಿನ ಗೇಟಿನಿಂದ ಬರುತ್ತೇನೆ. ಒಂದು ದಿನ ಹಿಂದಿನ ಗೇಟಿಗೆ ಬೀಗ ಹಾಕಿದ್ದರು. ಮುಂದಿನಿಂದ ಬಂದಾಗ ಗಾಲಿಕುರ್ಚಿಯಲ್ಲಿ ಆಕೆಯ ತಾಯಿ ಕೂತಿದ್ದರು. ಮಗಳು ರಿಕ್ಷಾ ತರಲು ಹೋಗಿದ್ದರು.

"ನೀವಾ ಅವಳ ಆಫೀಸಿನವರು?" ಎಂದು ಗುರುತು ಹಿಡಿದರು. "ಅವಳಿಗಾಗಿ ಅಲ್ಲಿ ಮಾತಾಡಿದ್ರಂತೆ. ನಿಮಗೆ ದೇವರು ಒಳ್ಳೇದು ಮಾಡ್ಲಿ."

ಅವರ ಕೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಅಂಟಿಸಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ರಿಕ್ಷಾ ಬರುವ ಮೊದಲು ಮೆಟ್ಟಿಲು ಹತ್ತಿದೆ.

ಕಳೆದ ತಿಂಗಳು ಆಕೆಯಿಂದ ಮೆಸೇಜ್ ಬಂತು. ಕದ್ರಿಯ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನ್‌ಗೆ ಜನ ಬೇಕಂತೆ, ಅಲ್ಲಿಯ ಡಾಕ್ಟ್ರು ನಿಮ್ಮ ಆಸ್ಪತ್ರೆಗೂ ಬರ್ತಾರಲ್ಲ, ಒಂದು ಮಾತು ಹೇಳ್ತೀರಾ ಎಂದು. ಅಂದೇ ಡಾಕ್ಟರ ಕೋಣೆಯ ಹೊರಗೆ ಕಾದು, ಆಕೆಯ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. "ನೋಡುವ," ಎಂದರು.

ಕಳೆದ ಸೋಮವಾರದಿಂದ ಆ ಕ್ಲಿನಿಕ್‌ನ ರಿಸೆಪ್ಷನ್‌ನಲ್ಲಿ ಡಾಕ್ಟರ ಹೆಂಡತಿಯ ಸಂಬಂಧಿಯೊಬ್ಬರು ಕೂರುತ್ತಿದ್ದಾರೆ. ನನ್ನ ಸಹೋದ್ಯೋಗಿ ಮನೆಯಲ್ಲಿ ಹತ್ತನೇ ತರಗತಿಯವರಿಗೆ ಕನ್ನಡ ಟ್ಯೂಷನ್ ಹೇಳಲು ಶುರು ಮಾಡಿದ್ದಾರೆ. ಈ ವಾರದವರೆಗೆ ನಾಲ್ವರು ಸೇರಿದ್ದಾರೆ.