ಹೊಸ ಕಾರ್ಡು, ಹಳೆಯ ಕೈ

ನಮ್ಮ ಸಾಗರದ ಕಡೆ ಆಕಾಶ ಒಮ್ಮೆ ಗುಡುಗಿದರೆ ಸಾಕು, ಜನ ಮಾಡುವ ಮೊದಲ ಕೆಲಸವೆಂದರೆ ವೈರು ಕೀಳುವುದು. ಟೀವಿ, ಇಂಟರ್ನೆಟ್ಟು, ಕಂಪ್ಯೂಟರು, ಹೀಗೆ ಬೆನ್ನಿಗೆ ವೈರಿರುವ ಸಕಲ ವಸ್ತುಗಳನ್ನೂ ಬಂಧಮುಕ್ತಗೊಳಿಸಿದ ಮೇಲೆಯೇ ನಮಗೆ ಒಣಹಾಕಿದ ಬಟ್ಟೆಯ ನೆನಪಾಗುವುದು. ಈ ವಿದ್ಯೆಯಲ್ಲಿ ನಾನು ಪಾರಂಗತ. ಕರೆಂಟು ಹೋದ ಕತ್ತಲಲ್ಲೂ ಕೀಳಬಲ್ಲೆ, ಕತ್ತಲಲ್ಲೇ ಮತ್ತೆ ಸಿಕ್ಕಿಸಬಲ್ಲೆ.

ಲಗ್ನಪತ್ರಿಕೆಗಳ ವಿನ್ಯಾಸ ನನ್ನ ಉದ್ಯೋಗ. ನನ್ನ ಕಂಪ್ಯೂಟರು ವಯಸ್ಸಿನಲ್ಲಿ ನನಗಿಂತ ಕಿರಿಯದಾದರೂ ಉಬ್ಬಸದಲ್ಲಿ ಹಿರಿಯದು. ಈ ಸಲ ಅಣ್ಣನ ಮಗಳ ಮದುವೆ. ಪತ್ರಿಕೆಯ ಮೇಲೆ ತನ್ನಮ್ಮ ಬರೆದ ಹಸೆ ಚಿತ್ತಾರವೇ ಇರಬೇಕೆಂದು ಅವಳ ಹಟ. ಮದುವೆಮನೆಯ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಬರೆಯುವ ಚಿತ್ತಾರವನ್ನು ಅತ್ತಿಗೆ ಕಾಗದದ ಮೇಲೆ ಬರೆದುಕೊಟ್ಟರು. ಅದರ ಅಸಂಖ್ಯ ಗೆರೆಗಳನ್ನು ಕಂಡದ್ದೇ ತಡ, ಕಂಪ್ಯೂಟರು ಸಮಾಧಿಸ್ಥವಾಯಿತು. ವಿನ್ಯಾಸದ ಸಾಫ್ಟ್‌ವೇರಿಗೆ ಬಲ ಬರಲೆಂದು ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿದೆ. ಆ ಮಧ್ಯಾಹ್ನ ಗೆರೆಗಳು ಸರಸರನೆ ಮೂಡಿದವು. ಸಂಜೆ ಗುಡುಗಿ ಕರೆಂಟು ಹೋಯಿತು, ಕತ್ತಲಲ್ಲೇ ಕಿತ್ತೆ, ಸಿಕ್ಕಿಸಿದೆ. ಮರುದಿನ ಮತ್ತದೇ ಉಬ್ಬಸ.

ಕಾರ್ಡನ್ನು ಮನಸಾರೆ ಶಪಿಸಿ, “ಅತ್ತಿಗೆ, ಗೆರೆ ಸ್ವಲ್ಪ ಕಮ್ಮಿ ಮಾಡಕ್ಕಾಗ್ತದಾ?” ಎಂದೆ.

“ಕಮ್ಮಿ ಮಾಡಿದ್ರೆ ಅದು ಹಸೆ ಹೆಂಗಾಗ್ತದೆ ಮಾರಾಯ? ನನ್ ಕೈ ಹೋದಂಗೆ ಗೆರೆ ಬರ್ತದೆ, ಎಣಿಸಿ ಬರಿಯಕ್ಕೆ ಬರಲ್ಲ. ಆಗ್ಲಿಲ್ಲಾಂದ್ರೆ ಯಾವ್ದಾದ್ರೂ ಗಣಪತಿ ಚಿತ್ರ ಹಾಕ್ಬಿಡು.”

ನಕ್ಕೇ ಹೇಳಿದರು. ನನಗೆ ಮಾತ್ರ ಅಂದು ಅನ್ನ ಸೇರಲಿಲ್ಲ.

ಮರುದಿನ ಹಗಲಲ್ಲೇ ಗುಡುಗಿತು. ಎಲ್ಲ ಕೀಳತೊಡಗಿದೆ. ಇನ್ನು ಆ ನಿಷ್ಪ್ರಯೋಜಕ ಕಾರ್ಡನ್ನೂ ಕಿತ್ತು ಹಿಂದಿರುಗಿಸೋಣವೆಂದು ಕಂಪ್ಯೂಟರಿನ ಡಬ್ಬವನ್ನು ಬೆಳಕಿಗೆ ತಿರುಗಿಸಿ ನೋಡಿದರೆ, ಮಾನಿಟರಿನ ವೈರು ನನ್ನ ಕೈಗೆ ಬಂದದ್ದು ಹೊಸ ಕಾರ್ಡಿನ ಕಿಂಡಿಯಿಂದಲ್ಲ, ಹಳೆಯ ಕಿಂಡಿಯಿಂದ! ಅಂದು ಕತ್ತಲಲ್ಲಿ ನನ್ನ ಪಾರಂಗತ ಕೈ ವರ್ಷಗಳ ರೂಢಿಯಂತೆ ಅದನ್ನು ಅಲ್ಲಿಗೇ ಸೇರಿಸಿತ್ತು. ಹೊಸ ಕಾರ್ಡು ತನ್ನ ಕಿಂಡಿ ಖಾಲಿ ಇಟ್ಟುಕೊಂಡು, ಊಟಕ್ಕೆ ಏಳಿಸದ ಬೀಗರಂತೆ ಸುಮ್ಮನೆ ಕೂತಿತ್ತು.

ಮಳೆ ನಿಂತ ಮೇಲೆ ಸರಿಯಾದ ಕಿಂಡಿಗೆ ಸಿಕ್ಕಿಸಿ ಅತ್ತಿಗೆಯನ್ನು ಕರೆದೆ. ಒಂದು ಗೆರೆಯೂ ಕಡಿಮೆಯಾಗದ ಚಿತ್ತಾರ ಪರದೆಯ ತುಂಬ ಅರಳಿತು. ಅತ್ತಿಗೆಯ ಬೆರಳು ತಾನಾಗಿಯೇ ಗಾಜಿನ ಮೇಲೆ ಗೆರೆಗಳ ಹಿಂದೆ ಹೊರಟಿತು, ಎಲ್ಲೂ ತಡೆಯದೆ. ನನ್ನ ಕೈಯ ರೂಢಿಯನ್ನು ಬೈಯಬೇಕೆಂದಿದ್ದವನು ಆ ಯೋಚನೆ ಬಿಟ್ಟೆ. ನನ್ನನ್ನು ಹಳೆಯ ಕಿಂಡಿಗೆ ಎಳೆದೊಯ್ದದ್ದೂ ರೂಢಿಯೇ, ಅವರಿಂದ ಈ ಚಿತ್ತಾರ ಬರೆಸಿದ್ದೂ ರೂಢಿಯೇ.

ಅಷ್ಟರಲ್ಲಿ ದೂರದಲ್ಲಿ ಮತ್ತೆ ಗುಡುಗಿತು. ನನ್ನ ಕೈ ವೈರಿನತ್ತ ಹೋಯಿತು.

“ತಡಿಯೋ, ಒಂಚೂರು ನೋಡ್ತೀನಿ,” ಎಂದರು ಅತ್ತಿಗೆ.

ಗುಡುಗಿದರೂ ವೈರು ಕೀಳದೆ ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.