ನಲವತ್ತೊಂದನೇ ಗಂಟು

“ಶೇಖವ್ವ ಅದಾಳೋ, ಹೋದಳೋ ಅಂತ ಕೇಳ್ಕೊಂತ ಒಬ್ಬಾಂವ ಬಂದಾನ ನೋಡ,” ಎಂದು ನೆರೆಮನೆಯ ಭರಮವ್ವ ಬದುವಿನಿಂದಲೇ ಕೂಗಿದಳು.

“ಅದಾಳ ಅಂತ ಹೇಳು. ಚಹಾಕ್ಕ ಇಡು.”

ಹತ್ತಿಮತ್ತೂರಿನ ಶೇಖವ್ವ ಸಿರಾಜುದ್ದೀನನ ಸುದ್ದಿ ಮೊದಲು ಕೇಳಿದ್ದು ಹೀಗೆ, ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಹತ್ತಿ ಬಿಡಿಸುವಾಗ. ಕಿವಿಯ ಕೆಳಗೆ, ಜೊಲ್ಲಿನ ಗ್ರಂಥಿಯಲ್ಲಿ ಎದ್ದ ಕ್ಯಾನ್ಸರ್ ಗಂಟನ್ನು ಹುಬ್ಬಳ್ಳಿಯ ದವಾಖಾನೆಯಲ್ಲಿ ತೆಗೆಸಿಕೊಂಡು ಅವಳಿಗೆ ಎರಡು ವರ್ಷವಾಗಿತ್ತು.

ಬಂದವನು ಆ ದವಾಖಾನೆಯ ಲ್ಯಾಬಿನವನು, ಸವಣೂರಿನವನು. ಮುಖದ ನರ ನೆಟ್ಟಗಿದೆಯೇ ನೋಡಲು ಕಣ್ಣು ಮುಚ್ಚಿಸಿದ, ಗಲ್ಲ ಉಬ್ಬಿಸಲು ಹೇಳಿದ, ಆಮೇಲೆ ಸಿಳ್ಳೆ ಹಾಕಲು ಹೇಳಿದ.

“ಹೆಂಗಸೂರು ಸಿಳ್ಳಿ ಹಾಕಿದ್ರ ಊರ ಏನಂದೀತು?”

“ದವಾಖಾನಿ ಕಾಯ್ದೆ ಅನ್ರಿ.”

ಶೇಖವ್ವ ಹಾಕಿದಳು. ಗಾಳಿ ಎಡಕ್ಕೆ ಸೋರಿತು. ಭರಮವ್ವ ಬಾಯಿಗೆ ಸೆರಗಿಟ್ಟು ನಕ್ಕಳು.

“ಇದು ಮತ್ತ ಬರ್ತೈತೇನಪಾ?”

“ಗೊತ್ತಿಲ್ರಿ ಅಕ್ಕಾರ. ಡಾಕ್ಟರಿಗೂ ಗೊತ್ತಿಲ್ಲ.”

ಉಳಿದವರೆಲ್ಲ ದೇವರ ಮೇಲೆ ಭಾರ ಹಾಕು ಎಂದಿದ್ದರು. ಗೊತ್ತಿಲ್ಲ ಎಂದವನು ಇವನೊಬ್ಬನೇ. ಅವಳಿಗೆ ಅವನು ಹಿಡಿಸಿದ್ದೇ ಆ ಮಾತಿಗೆ.

“ನಿಮ್ಮ ಗಂಟಿನ ತುಣುಕು ಮೇಣದಾಗ ಐತಿ, ನಂಬರ್ ನಲವತ್ತೊಂದು. ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ ಕೊಯ್ದು, ಬಣ್ಣ ಹಾಕಿ ನೋಡ್ತೇವಿ. ಹಂಸಭಾವಿ ಮಾಳಪ್ಪನ ಗಂಟೂ ನಿಮ್ಮದೂ ಒಂದ ಥರ ಕಾಣ್ತಾವ. ಒಳಗ ಏನರ ಬ್ಯಾರೆ ಗುರ್ತು ಇದ್ದೀತು. ಅದನ್ನ ತೋರ್ಸೋ ಬಣ್ಣ ಇನ್ನೂ ಬಂದಿಲ್ಲ. ಬಂದ ದಿನ, ಯಾರು ಉಳದ್ರು, ಯಾರು ಹೋದ್ರು ಅಂತ ಖರೇ ಬರದಿಟ್ಟಿರಬೇಕು.”

ಅದಕ್ಕಾಗಿ ರಜೆಯ ದಿನಗಳಲ್ಲಿ, ಯಾರೂ ಕಳಿಸದೆ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅವನು ಸುತ್ತುತ್ತಿದ್ದ.

ಎಂಬತ್ತೊಂದರಲ್ಲಿ ಬಂದಾಗ ಅವನ ಮುಖ ಬಾಡಿತ್ತು. ಮಾಳಪ್ಪ ಎದೆಬೇನೆಯಿಂದ ಹೋದ ಎಂದು ಮನೆಯವರು ಹೇಳಿದ್ದರು. “ನಂಬಿಕಿ ಆಗವಲ್ದು. ಸುಳ್ಳು ಬರದ್ರ ಎಲ್ಲಾ ಹಾಳು. ಗಂಡಸಿನ ಮುಂದ ಅವರು ಹೇಳಂಗಿಲ್ರಿ.”

ಮರುವಾರ ಶೇಖವ್ವ ತಾನೇ ಹಂಸಭಾವಿಯ ಬಸ್ಸು ಹತ್ತಿದಳು. ಮಾಳಪ್ಪನ ಹೆಂಡತಿ ಗುತ್ತೆವ್ವನ ಎದುರು ಕುಳಿತು ಒಂದು ಮೊರ ಜೋಳ ಹಸನು ಮಾಡಿದಳು, ಏನೂ ಕೇಳಲಿಲ್ಲ. ತನ್ನ ಕಿವಿಯ ಕೆಳಗಿನ ಗೆರೆ ಮಾತ್ರ ಕಾಣುವಂತೆ ಸೆರಗು ಸರಿಸಿದಳು.

“ಮತ್ತ ಎದ್ದಿತ್ತವ್ವಾ,” ಎಂದಳು ಗುತ್ತೆವ್ವ. “ಕಡೀಕ ಕಣ್ಣ ಮುಚ್ಚಾಕ ಬರ್ತಿರಲಿಲ್ಲ. ಮಗಳ ಲಗ್ನ ಮುರೀತೈತಿ ಅಂತ ಎದಿಬ್ಯಾನಿ ಅಂದ್ವಿ.”

“ಹೆಸರು ಎಲ್ಲೂ ಬರಂಗಿಲ್ಲ. ಬರೇ ನಂಬರು,” ಎಂದಳು ಶೇಖವ್ವ.

ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳ ಕೈ ಕಿವಿಯ ಕೆಳಗೇ ಇತ್ತು.

ಮುಂದಿನ ಸಲ ಬಂದಾಗ ಅವಳು ತಂದ ಸುದ್ದಿಯನ್ನು ಸಿರಾಜುದ್ದೀನ ಬರೆದುಕೊಂಡ. “ಈಗ ನಂದು ಹೇಳು,” ಎಂದಳು.

“ಈಗೂ ಗೊತ್ತಿಲ್ರಿ. ಒಂದ ಥರ ಕಂಡ್ವು. ಅವರು ಹೋದ್ರು, ನೀವು ಅದೀರಿ. ಹಂಗ ಯಾಕ ಅನ್ನೂದನ್ನ ಹುಡುಕಬೇಕಾಗೈತಿ.”

ಸುಳ್ಳೊಂದು ಹೇಳಿದ್ದರೆ ಅವಳಿಗೆ ಅಂದು ಸಮಾಧಾನವಾಗುತ್ತಿತ್ತು. ಅವನು ಹೇಳಲಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ಬಂದು ಸಿಳ್ಳೆ ಹಾಕಿಸಿ ಹೋಗುತ್ತಿದ್ದ.

ಎಂಬತ್ತೆಂಟರಲ್ಲಿ, ತನ್ನ ನೌಕರಿ ಮುಗಿಯುವ ಮುನ್ನ, ಒಂದು ಅಂಚೆ ಕಾರ್ಡು ತಂದ. ಲ್ಯಾಬಿನ ವಿಳಾಸ, ನಲವತ್ತೊಂದು ಎಂಬ ನಂಬರು, ಒಂದು ಖಾಲಿ ಜಾಗ, ಅಷ್ಟೇ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿಯುವ ಸೀಮೆಯಲ್ಲಿ, ತನ್ನದೇ ಸಾವಿನ ಕಾಗದವನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆ? ಅದು ಅವನಿಗೂ ಗೊತ್ತಿತ್ತು.

“ಕೇಳಬಾರದ್ದು ಕೇಳ್ತೇನಿ ಅಕ್ಕಾರ. ಇದನ್ನ ಸೊಸಿ ಕಡೆ ಕೊಟ್ಟಿಡ್ರಿ. ಹೋದ ತಾರೀಖಿನ ಜಾಗಾ ಬಿಟ್ಟೇನಿ, ಆಕಿ ತುಂಬಿ ಟಪಾಲಿಗೆ ಹಾಕ್ಲಿ. ತುಂಬಾಕ ಮಾತ್ರ ಅವಸರ ಮಾಡಬ್ಯಾಡ್ರಿ.”