ಟವೆಲ್ಲಿನ ಕೆಳಗೆ ಮುಗಿದ ಜಗಳ

2004ನೇ ಇಸವಿಯ ಮಾತು. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ರಾಣೆಬೆನ್ನೂರಿನಲ್ಲಿ ನಮ್ಮದೊಂದು ಉದ್ದನೆಯ ಮನೆ. ಹಿಂದಿನ ಎರಡು ಕೋಣೆಯಲ್ಲಿ ನಾನು, ನಮ್ಮ ಅತ್ತೆ ನೀಲವ್ವ ಮತ್ತು ನನ್ನ ಹೊಲಿಗೆ ಮಷಿನ್. ಮಕ್ಕಳಿಲ್ಲ. ಮುಂದಿನ ಭಾಗ ಸುಮ್ಮನೆ ಖಾಲಿ ಬಿದ್ದಿತ್ತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮಣ್ಣ ಬಂದಾಗಲೆಲ್ಲ ಒಂದೇ ರಾಗ ತೆಗೆಯುತ್ತಿದ್ದ. "ಇಬ್ಬರು ಹೆಣ್ಮಕ್ಕಳು ಇಷ್ಟ ದೊಡ್ಡ ಮನ್ಯಾಗ ಏನ್ ಮಾಡ್ತೀರಿ? ಬಾಗಲಾ ಹಾಕಿ ನಮ್ಮಲ್ಲಿಗೆ ಬರ್ರಿ." ಅಣ್ಣನ ಮನಸ್ಸು ಒಳ್ಳೆಯದೇ. ಆದರೆ ಅವನ ಮನೆಯಲ್ಲಿ ನಾನು ಮೂಲೆಯಲ್ಲಿ ಕೂತು ಉಣ್ಣುವ ತಂಗಿಯಾಗುತ್ತಿದ್ದೆ. ಈ ಊರಲ್ಲಾದರೆ ಓಣಿಯ ಅರ್ಧ ಹೆಂಗಸರ ಜಂಪರು ನನ್ನ ಕೈಯಲ್ಲೇ ಆಗಬೇಕು. ಅಳತೆ ಕೊಡಲು ಬಂದವರು ಕೂತು ಹರಟೆ ಹೊಡೆದು, ನನ್ನ ಕೈಲಿ ನಾಲ್ಕು ಮಾತು ಅನ್ನಿಸಿಕೊಂಡು ಹೋಗಬೇಕು. ಅದನ್ನು ಬಿಟ್ಟು ಬದುಕುವುದು ನನಗೆ ಆಗುತ್ತಿರಲಿಲ್ಲ. ಕೊನೆಗೆ ಅಣ್ಣ ಒಂದು ಮಾತಿಗೆ ಬಂದ. ದೀಪಾವಳಿಯೊಳಗೆ ಮುಂದಿನ ಭಾಗಕ್ಕೆ ಒಂದು ಸಂಭಾವಿತ ಕುಟುಂಬ ಬಾಡಿಗೆಗೆ ಬಂದು ನಿಂತರೆ ನಾನು ಇರಬಹುದು. ಇಲ್ಲದಿದ್ದರೆ ಸಾಮಾನು ಕಟ್ಟಬೇಕು.

ಬಾಡಿಗೆಯವರನ್ನು ಹುಡುಕುವ ಕೆಲಸವನ್ನು ಮೌಲಾಸಾಬರಿಗೆ ಹೇಳಿದೆವು. ಅವರು ಮೂಲತಃ ದನದ ಪೇಟೆಯ ದಲಾಲರು. ಟ್ರ್ಯಾಕ್ಟರುಗಳು ಹೆಚ್ಚಾಗಿ ಎತ್ತಿನ ವ್ಯಾಪಾರ ಇಳಿದ ಮೇಲೆ ಮನೆ ತೋರಿಸುವ ಕೆಲಸವನ್ನೂ ಹಿಡಿದಿದ್ದರು. ಕೆಲಸ ಬೇರೆಯಾಗಿತ್ತು, ರೂಢಿ ಮಾತ್ರ ಹಳೆಯದೇ. ದನದ ಪೇಟೆಯಲ್ಲಿ ರೇಟನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ಮೇಲೊಂದು ಟವೆಲ್ ಮುಚ್ಚುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ಮೌಲಾಸಾಬರು ಬಾಡಿಗೆಯನ್ನೂ ಹಾಗೆಯೇ ಕುದುರಿಸಿದರು. ನನ್ನ ಜೊತೆ ಕೈ ಹಿಡಿಯುವಂತಿಲ್ಲವಲ್ಲ, ನಮ್ಮ ಅತ್ತೆಯೇ ಕಟ್ಟೆಯ ಮೇಲೆ ಕೂತು, "ತಾರೋ ಮೌಲಾ ಕೈ" ಅಂದರು. ಅತ್ತೆಯ ತವರು ಕದರಮಂಡಲಗಿ. ಅವರ ಅಪ್ಪ ಎತ್ತಿನ ವ್ಯಾಪಾರ ಮಾಡುತ್ತಿದ್ದರಂತೆ. ಚಿಕ್ಕವರಿದ್ದಾಗ ಚಕ್ಕಡಿ ಹತ್ತಿ ಅಪ್ಪನ ಜೊತೆ ಪೇಟೆ ಪೇಟೆ ತಿರುಗಿ ಆ ವಿದ್ಯೆ ಕಲಿತಿದ್ದರು. ಮುದುಕಿ ಟವೆಲ್ಲಿನ ಕೆಳಗೆ ಕೈಯಿಟ್ಟು ಕಣ್ಣು ಮಿಟುಕಿಸದೆ ಚೌಕಾಸಿ ಮಾಡಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. "ನಕ್ಕೊಂತ ನಿಂತೀ ಅಲ್ಲ, ಚಾ ಮಾಡು ಹೋಗ" ಎಂದು ಬೈಸಿಕೊಂಡೆ.

ಬಾಡಿಗೆಗೆ ಬಂದವರು ಮಂಡ್ಯ ಕಡೆಯ ನಂಜುಂಡ, ಪ್ರೇಮಾ. ನಮ್ಮೂರಿನ ಒಂದು ಬೀಜದ ಕಂಪನಿಯಲ್ಲಿ ಅವನಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಪ್ರೇಮಾಗೆ ಐದು ತಿಂಗಳು. ಲಾಡ್ಜಿನ ಒಂದೇ ಕೋಣೆಯಲ್ಲಿ ದಿನ ದೂಡುತ್ತಿದ್ದರು. ಮನೆ ನೋಡಲು ಬಂದಾಗ ಆ ಹುಡುಗಿ ಮುಂದಿನ ಭಾಗದ ಅಡುಗೆ ಮನೆಯ ಕಲ್ಲಿನ ಮೇಲೆ ಕೈಯಾಡಿಸಿ, "ಇಲ್ಲಿ ಒಲೆ ಇಟ್ಕೋಬಹುದು ಅಲ್ವಾ ಅಕ್ಕ?" ಎಂದಳು. ಅವಳು ಆ ಮಾತು ಅಂದಾಗಲೇ ಇವರೇ ಇರಲಿ ಎಂದು ನನ್ನ ಮನಸ್ಸು ಗಟ್ಟಿಯಾಯಿತು. ಮೌಲಾಸಾಬರು ನಂಜುಂಡನ ಕೈಯನ್ನೂ ಹಿಡಿದು ಟವೆಲ್ ಮುಚ್ಚಿ, "ಒಪ್ಪಿಗೇನ್ರಿ ಸಾಹೇಬ್ರ?" ಎಂದರು. ಅವನು ನಗುತ್ತಾ ತಲೆಯಾಡಿಸಿದ. ಬಾಡಿಗೆ ಎಷ್ಟೆಂದು ನಾನು ಅವನಿಗೆ ಮೊದಲೇ ಹೇಳಿದ್ದೆ. ಈ ಕೈ ಹಿಡಿದದ್ದು ಯಾತಕ್ಕೆ ಎಂದು ನಾನೂ ಕೇಳಲಿಲ್ಲ.

ಅವರು ಬಂದ ಮುಂದಿನ ಭಾನುವಾರ ನಮ್ಮಣ್ಣ ಒಂದು ಚೀಲ ಮೆಣಸಿನಕಾಯಿ ಹೊತ್ತು ಬಂದಿದ್ದ. ಬಾಡಿಗೆಯವರು ಎಂಥವರು ಎಂದು ನೋಡುವುದೇ ಅವನ ನಿಜವಾದ ಕೆಲಸ, ಮೆಣಸಿನಕಾಯಿ ಬರೀ ನೆಪ. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಅಂಗಳದಲ್ಲಿ ದನಿ ಏರಿತು. ಹೊರಗೆ ಬಂದು ನೋಡಿದರೆ ಮೌಲಾಸಾಬರು, ನಂಜುಂಡ ಎದುರುಬದುರು ನಿಂತಿದ್ದಾರೆ. ಆಚೆ ಮನೆಯ ಕಟ್ಟೆಯ ಮೇಲೆ ಆಗಲೇ ಮಂದಿ ಸೇರಿದ್ದಾರೆ.

"ಒಂದು ತಿಂಗಳ ಬಾಡಿಗೆ ದಲಾಲಿ ಕೊಡಬೇಕು ಅಂತ ಯಾರ್ ಸಾರ್ ಹೇಳಿದ್ರು ನನಗೆ?" ನಂಜುಂಡನ ಮುಖ ಕೆಂಪಾಗಿತ್ತು. "ಅಡ್ವಾನ್ಸಿಗೇ ಸಾಲ ಮಾಡಿದೀನಿ. ಮೊದಲೇ ಹೇಳಿದ್ರೆ ಈ ಮನೆಗೆ ಬರ್ತಾನೇ ಇರಲಿಲ್ಲ!"

"ಹೇಳೇನಿ ಅಲ್ರಿ! ಕೈಯಾಗ ಹೇಳೇನಿ. ಬೆರಳು ಹಿಡದು ಒತ್ತೇನಿ. ನೀವು ಹೂಂ ಅಂದು ತಲೀ ಅಲ್ಲಾಡಿಸೀರಿ!"

"ಬೆರಳು ಒತ್ತಿದ್ರೆ ನನಗೇನ್ ಗೊತ್ತಾಗ್ಬೇಕು? ಊರಿಗೆ ಹೊಸಬ ಅಂತ ಪ್ರೀತಿಯಿಂದ ಹಿಡ್ಕೊಂಡಿದಾರೆ ಅಂದ್ಕೊಂಡೆ!"

ಕಟ್ಟೆಯ ಮೇಲಿನವರು ಘೊಳ್ಳೆಂದು ನಕ್ಕರು. ಮೌಲಾಸಾಬರ ಮುಖ ಸಣ್ಣದಾಯಿತು. ನಕ್ಕಿದ್ದು ತನ್ನನ್ನು ನೋಡಿಯೇ ಎಂದು ನಂಜುಂಡನೂ ತಿಳಿದನೇನೋ, ದನಿ ಇನ್ನಷ್ಟು ಏರಿಸಿ, "ಇದು ಮೋಸ! ಬೇರೆ ಊರಿನೋರು ಸಿಕ್ಕಿದ್ರೆ ಸುಲಿಯೋದು!" ಅಂದುಬಿಟ್ಟ.

ಆ ಮಾತಿಗೆ ಮೌಲಾಸಾಬರು ಕೂಗಾಡಿದ್ದರೆ ಚೆನ್ನಾಗಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, "ಈ ಪ್ಯಾಟ್ಯಾಗ ನನ್ನ ಗಡ್ಡಾ ಬೆಳ್ಳಗಾಗೇತಿ. ಇವತ್ತಿನ ತನಕಾ ಯಾರೂ ಈ ಮಾತು ಅಂದಿದ್ದಿಲ್ಲ" ಎಂದರು. ನನಗೆ ಅಯ್ಯೋ ಅನ್ನಿಸಿತು. ಆದರೆ ಅತ್ತ ನಂಜುಂಡನದೂ ಸುಳ್ಳಲ್ಲವಲ್ಲ. ಹೊಸ ಕೆಲಸ, ಸಾಲ, ಬಸುರಿ ಹೆಂಡತಿ. ಯಾರ ಕಡೆ ಮಾತಾಡುವುದು?

"ಸಾಮಾನು ಕಟ್ಟು ಪ್ರೇಮಾ. ಇವತ್ತೇ ಖಾಲಿ ಮಾಡೋಣ" ಎಂದ ನಂಜುಂಡ.

ಪ್ರೇಮಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹಿಂದಿನ ದಿನವಷ್ಟೇ ಡಬ್ಬಿಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿದ್ದಳು. "ಮತ್ತೆ ಲಾಡ್ಜಿಗಾ?" ಎಂದಷ್ಟೇ ಕೇಳಿ ಅಳತೊಡಗಿದಳು.

ನನ್ನ ಹಿಂದಿನಿಂದ ನಮ್ಮಣ್ಣನ ದನಿ ಬಂತು. "ನೋಡಿದಿಲ್ಲ? ಬಾಡಿಗಿ ಕೊಡೂದಂದ್ರ ಇಷ್ಟ. ಓಣಿ ಮುಂದ ಮರ್ಯಾದಿ ಹೋತು. ನಾಳೆ ಈ ಮನೀಗೆ ಯಾವ ಛಲೋ ಮಂದಿ ಬರ್ತಾರ? ನೀನೂ ಸಾಮಾನು ಕಟ್ಟವಾ ತಂಗಿ, ದೀಪಾವಳಿ ತನಕಾ ಕಾಯೂದು ಬ್ಯಾಡ."

ನನ್ನ ಪಿತ್ತ ನೆತ್ತಿಗೇರಿತು. ಮೂವರು ಗಂಡಸರು ನನ್ನ ಮನೆಯಲ್ಲಿ ನಿಂತು ನನ್ನ ಬದುಕನ್ನು ಎತ್ತಲೋ ಎಳೆಯುತ್ತಿದ್ದಾರೆ, ನನ್ನನ್ನು ಕೇಳುವವರೇ ಇಲ್ಲ! "ಯಾರೂ ಸಾಮಾನು ಕಟ್ಟೂದಿಲ್ಲ! ಇದು ನನ್ನ ಮನಿ!" ಎಂದು ಕಿರುಚಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೆ.

ಆಗ ನಮ್ಮ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಮಾತಾಡಿದರು. ಮೊಣಕಾಲು ನೋವಿನಿಂದ ಅವರು ಏಳಲಾರರು. "ಮೌಲಾ, ಆ ಟಾವೆಲ್ ಇಲ್ಲಿ ತಾ. ತಮ್ಮಾ ನಂಜುಂಡ, ನೀನೂ ಬಾ. ಇಬ್ಬರೂ ನನ್ನ ಆಜೂಬಾಜೂ ಕುಂದ್ರಿ."

ಮುದುಕಿಯ ದನಿಯಲ್ಲಿ ಏನಿತ್ತೋ, ಇಬ್ಬರೂ ಹೋಗಿ ಕೂತರು.

ಮೊದಲು ಮೌಲಾಸಾಬರಿಗೇ ಪೂಜೆಯಾಯಿತು. "ತಪ್ಪು ನಿಂದೈತಿ. ಜನ್ಮದಾಗ ದನದ ಪ್ಯಾಟಿ ನೋಡದ ಹುಡುಗನ ಬೆರಳು ಒತ್ತಿದ್ರ ಅಂವಗ ಏನ್ ತಿಳೀಬೇಕು? ದಲಾಲಿ ಇಷ್ಟು ಅಂತ ಬಾಯಿಬಿಟ್ಟು ಮೊದಲ ಹೇಳಬೇಕಿತ್ತು."

ಮೌಲಾಸಾಬರು ನೆಲ ನೋಡುತ್ತಾ, "ಖರೇ ಐತಿ ಯಕ್ಕಾ. ರೂಢಿ ಬಿದ್ದುಬಿಟ್ಟೈತಿ, ಬಾಯಿಲೆ ಹೇಳಾಕ ನಾಲಿಗೀನ ಹೊರಳೂದಿಲ್ಲ" ಎಂದರು.

"ಇನ್ನ ನೀನು ತಮ್ಮಾ. ನಿನಗ ತಿಳೀಲಿಲ್ಲ, ಅದು ಖರೇ. ಆದ್ರ ಮೋಸ ಅಂದಿ. ಇಂವ ಮೋಸಗಾರ ಅಲ್ಲ. ಆ ಮಾತು ಹಿಂದಕ್ಕ ತಗೋ."

ನಂಜುಂಡ ಮೆಲ್ಲಗೆ, "ಸಿಟ್ಟಲ್ಲಿ ಅಂದುಬಿಟ್ಟೆ. ಬೇಜಾರ್ ಮಾಡ್ಕೋಬೇಡಿ ಸಾಬ್ರೇ" ಎಂದ.

ಅತ್ತೆ ಅವನ ಕೈ ಹಿಡಿದು, ಯಾವ ಬೆರಳಿಗೆ ಎಷ್ಟು, ಬೇಡವೆಂದರೆ ಹೇಗೆ ಕೊಡವಬೇಕು, ಅರ್ಧವೆಂದರೆ ಹೇಗೆ ಹಿಡಿಯಬೇಕು ಎಂದು ಪಾಠ ಮಾಡಿದರು. ಆಚೆ ಕಟ್ಟೆಯ ಮೇಲಿನ ಮಂದಿಯೂ ಕತ್ತು ಉದ್ದ ಮಾಡಿ ಕೇಳಿದರು. ಬಳಿಕ ಇಬ್ಬರ ಕೈಯನ್ನೂ ತಂದು ಕೂಡಿಸಿ ಮೇಲೆ ಟವೆಲ್ ಮುಚ್ಚಿ, "ಇನ್ನ ಬಾಯಿ ಮುಚ್ಚರಿ. ಕೈಲೆ ಮಾತಾಡ್ರಿ" ಎಂದರು.

ಟವೆಲ್ಲಿನ ಕೆಳಗೆ ಏನೋ ಹೊರಳಾಡುತ್ತಿತ್ತು. ಮೌಲಾಸಾಬರು ಹುಬ್ಬೇರಿಸಿದರು, ಅಲ್ಲವೆಂದು ತಲೆಯಾಡಿಸಿದರು. ನಂಜುಂಡ ತುಟಿ ಕಚ್ಚಿಕೊಂಡು ಮತ್ತೆ ಹಿಡಿದ. ಒಬ್ಬರ ಕೈ ಹಿಡಿದುಕೊಂಡು ಅವರ ಮೇಲೆ ಸಿಟ್ಟಾಗಿರುವುದು ಕಷ್ಟವೆಂದು ನನಗೆ ಅವತ್ತು ಕಂಡಿತು. ಇಬ್ಬರ ಮುಖವೂ ನಿಧಾನವಾಗಿ ಸಡಿಲಾಗುತ್ತಾ ಬಂತು. ಇದ್ದಕ್ಕಿದ್ದಂತೆ ಮೌಲಾಸಾಬರು, "ಅರೇ ಅಲ್ಲಾ! ಬೆರಳು ಹಿಡೀರಿ ಅಂದ್ರ ಮುರ್ಯಾಕ ಹತ್ತೀರಲ್ರಿ ಸಾಹೇಬ್ರ!" ಎಂದು ಕೂಗಿದರು. ಎಲ್ಲರೂ ನಕ್ಕೆವು. ಅಳುತ್ತಿದ್ದ ಪ್ರೇಮಾ ಕೂಡ ಸೆರಗು ಬಾಯಿಗಿಟ್ಟು ನಕ್ಕಳು.

ಸ್ವಲ್ಪ ಹೊತ್ತಿಗೆ ಮೌಲಾಸಾಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಆತು" ಎಂದರು. ನಂಜುಂಡನೂ "ಆಯ್ತು" ಎಂದ.

"ಎಷ್ಟಕ್ಕ ಮುಗೀತು?" ನಮ್ಮಣ್ಣ ತಡೆಯಲಾರದೆ ಕೇಳಿದ.

"ಕೇಳಬಾರದು" ಎಂದರು ಅತ್ತೆ. ಅಣ್ಣನೂ ಪೇಟೆಯ ಮನುಷ್ಯನೇ, ಕೇಳಿದ್ದಕ್ಕೆ ತಾನೇ ನಾಚಿಕೊಂಡ. ಸಂಜೆಯ ಬಸ್ಸಿಗೆ ಹೊರಟಾಗ ನನಗೆ, "ಮಂದಿ ಛಲೋ ಅದಾರ. ಇರು" ಎಂದಷ್ಟೇ ಹೇಳಿ ಖಾಲಿ ಚೀಲ ಎತ್ತಿಕೊಂಡ. ಆ ಒಂದು "ಇರು" ಕೇಳಲು ನಾನು ಎರಡು ವರ್ಷ ಕಾದಿದ್ದೆ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಮಷಿನ್ ಮುಂದೆ ಕೂತು ಮನಸಾರೆ ಅತ್ತುಬಿಟ್ಟೆ.

ಅಂದಿನಿಂದ ಮೌಲಾಸಾಬರು ಯಾರಿಗೇ ಮನೆ ತೋರಿಸಲಿ, ಮೆಟ್ಟಿಲು ಹತ್ತುವ ಮೊದಲೇ ದಲಾಲಿ ಎಷ್ಟೆಂದು ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ಓಣಿಯ ಆ ತುದಿಗೂ ಕೇಳಿಸುತ್ತಿತ್ತು. ನಂಜುಂಡ, ಪ್ರೇಮಾ ನಮ್ಮಲ್ಲಿ ಐದು ವರ್ಷ ಇದ್ದರು. ಅವರ ಮಗಳು ನಮ್ಮ ಅತ್ತೆಯ ಮಡಿಲಲ್ಲೇ ಬೆಳೆದಳು. ಅತ್ತೆ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು ಪ್ರೇಮಾ. ಅತ್ತೆ ತೀರಿಕೊಂಡ ದಿನ ಮೌಲಾಸಾಬರು ಬಂದು ಬಾಗಿಲ ಬಳಿ ನಿಂತು, ಅದೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

2009ರಲ್ಲಿ ನಂಜುಂಡನಿಗೆ ವರ್ಗವಾಯಿತು. ಮತ್ತೆ ಮನೆ ಖಾಲಿ, ಈ ಸಲ ಅತ್ತೆಯೂ ಇಲ್ಲ ಎಂದು ನನಗೆ ಒಳಗೊಳಗೇ ಅಳುಕು. ಹೊರಡುವ ಮುಂಚೆ ಪ್ರೇಮಾ ಒಬ್ಬ ಟೀಚರನ್ನೂ ಅವರ ತಾಯಿಯನ್ನೂ ಕರೆತಂದಳು. ಮನೆ ತೋರಿಸಿದವಳೂ ಅವಳೇ, ನನ್ನ ಬಗ್ಗೆ ಇಲ್ಲದ್ದೆಲ್ಲ ಹೊಗಳಿ ಒಪ್ಪಿಸಿದವಳೂ ಅವಳೇ. ಅವರು ಹೋದ ಮೇಲೆ ನಾನು ತಮಾಷೆಗೆ, "ದೊಡ್ಡ ದಲಾಲಿ ಆದೆಲ್ಲವಾ! ನಿನಗೆಷ್ಟು ಕೊಡಬೇಕು, ಹೇಳಿಬಿಡು" ಎಂದೆ.

ಪ್ರೇಮಾ ನನ್ನ ಕೈ ಎಳೆದುಕೊಂಡು ಮೇಲೆ ಸೆರಗು ಮುಚ್ಚಿದಳು. ಯಾವ ಬೆರಳನ್ನೂ ಒತ್ತಲಿಲ್ಲ. ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡಳು. ಬಿಡಲೇ ಇಲ್ಲ.

"ಐದು ಅಂದ್ರ ಏನವಾ?" ಎಂದೆ.

"ಕೇಳಬಾರದು ಅಕ್ಕ. ಅಜ್ಜಿ ಹೇಳಿದಾರಲ್ಲ" ಎಂದಳು.

ನಾನು ಇವತ್ತಿಗೂ ಅದೇ ಮನೆಯಲ್ಲಿದ್ದೇನೆ. ಸಂಜೆ ಮಷಿನ್ ನಿಲ್ಲಿಸಿ ಬೆರಳು ನೆಟಿಗೆ ತೆಗೆಯುವಾಗ ಕೆಲವೊಮ್ಮೆ ಅವಳ ಆ ಹಿಡಿತ ನೆನಪಾಗುತ್ತದೆ. ಆಗ ಸ್ವಲ್ಪ ಹೊತ್ತು ಹಾಗೇ ಕೈ ನೋಡುತ್ತಾ ಕೂತುಬಿಡುತ್ತೇನೆ.